ಮೂರು ತಪ್ಪಿದವನು ಹಿಂದೆ ಕೂರಬೇಕು

ಜೂನ್ 4, ಭಾನುವಾರ

ಈ ನೋಟ್‌ಬುಕ್ಕನ್ನು ಲೋರಿ ನನ್ನ ತಟ್ಟೆಯ ಪಕ್ಕ ತಂದಿಟ್ಟಳು. "ಊಟದ ಮೇಜಿನ ಹತ್ರ ಇನ್ನು ಬೇಸ್‌ಬಾಲ್ ಬೇಡ, ಡಾರೆಲ್. ಮದುವೆ ಆದಾಗಿಂದ ಕೇಳಿ ಕೇಳಿ ಸಾಕಾಗಿದೆ. ಬೈಯೋದಿದ್ರೆ ಇದರೊಳಗೆ ಬೈಕೋ" ಅಂದಳು. ಒಳ್ಳೆಯದೇ ಆಯಿತು. ಹೆಂಡತಿಯ ಹಾಗೆ ಕಾಗದ ನಡುವೆ ಎದ್ದು ಪಾತ್ರೆ ತೊಳೆಯಲು ಹೋಗುವುದಿಲ್ಲ.

ಮೊದಲ ಬೈಗುಳ ಕೋಲ್ಟನ್‌ಗೆ. ಈ ವರ್ಷ ನಮ್ಮ ಹೋಲ್ಡನ್‌ಬರ್ಗ್ ಊರಿನ ತಂಡಕ್ಕೆ ಸೇರಿದ ಹುಡುಗ. ತೋಳು ನೋಡಿದರೆ ಗೂಳಿ, ಆಟ ನೋಡಿದರೆ ಫ್ಯಾನು. ಇವತ್ತು ಬ್ಯಾಟು ಹಿಡಿದು ನಿಂತಾಗಲೆಲ್ಲ ಗಾಳಿ ಬೀಸಿಕೊಂಡು ವಾಪಸ್ಸು ಬಂದ. ಮೂರು ಚೆಂಡು ತಪ್ಪಿದರೆ ಸ್ಟ್ರೈಕ್‌ಔಟ್. ಬ್ಯಾಟು ಹಿಡಿದವನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅದನ್ನು ಮಾಡಿಕೊಂಡು ಬಂದು ಈ ಮಹರಾಯ ಬೆಂಚಿನ ಮೇಲೆ ಕಾಲು ಚಾಚಿ ಸೂರ್ಯಕಾಂತಿ ಬೀಜ ಜಗಿಯುತ್ತಾನೆ. ನಾಚಿಕೆ ಬೇಡವೇ ಎಂದು ಕೇಳಿದೆ.

"ಮುಂದಿನ ಸಲ ಸಿಗುತ್ತೆ ಬಿಡಿ, ವೆಟ್ಷ್ ಅವರೇ" ಅಂದು ಸಿಪ್ಪೆ ಉಗಿದ.

ಅಪ್ಪ ಮೈದಾನದ ಬಲೆಯ ಹಿಂದೆ ಮಡಚುವ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ನನ್ನನ್ನು ಬೆಳೆಸಿದ ರೀತಿಯೇ ಬೇರೆ. ಅಪ್ಪ ಜಗಲಿಯ ಮೇಲೆ ನಿಂತು ಮುಸುಕಿನ ಜೋಳದ ಕಾಳು ಎಸೆಯುತ್ತಿದ್ದರು, ನಾನು ಪೊರಕೆಯ ಕೋಲಿನಿಂದ ಹೊಡೆಯುತ್ತಿದ್ದೆ. ಕಾಳಿಗೆ ಕೋಲು ತಾಗಿಸಿದವನಿಗೆ ಚೆಂಡು ಯಾವ ಲೆಕ್ಕ? ಪಂದ್ಯದಲ್ಲಿ ಸ್ಟ್ರೈಕ್‌ಔಟ್ ಆದರೆ ಮನೆಗೆ ಹೋಗುವಾಗ ಪಿಕಪ್‌ನ ಹಿಂದಿನ ತೊಟ್ಟಿಯಲ್ಲಿ, ಗೊಬ್ಬರದ ಚೀಲದ ಜೊತೆ ಕೂರಬೇಕು. ಮೂರು ತಪ್ಪಿದವನು ಹಿಂದೆ. ನಮ್ಮ ಮನೆಯ ಕಾನೂನು ಅದು. ನಾನು ಬೇಗ ಕಲಿತೆ.

ಜೂನ್ 11

ಗೆದ್ದೆವು. ನನ್ನದು ಎರಡು ಒಳ್ಳೆಯ ಹೊಡೆತ. ಕೋಲ್ಟನ್ ಎರಡು ಸಲ ಸ್ಟ್ರೈಕ್‌ಔಟ್, ಒಂದು ಸಲ ಬೇಲಿಯಾಚೆಯ ಜೋಳದ ಹೊಲಕ್ಕೆ ಹೊಡೆದ. ಜನ ಆ ಒಂದನ್ನೇ ಹೇಳಿಕೊಂಡು ಬಿಯರ್ ಕುಡಿದರು. ಕಣ್ಣು ಮುಚ್ಚಿ ಕಲ್ಲು ಬೀಸುತ್ತಾ ಇದ್ದರೆ ಒಂದು ದಿನ ಹಕ್ಕಿಯೂ ಸಾಯುತ್ತದೆ, ಅದಕ್ಕೆ ಬೇಟೆ ಎನ್ನುತ್ತಾರೆಯೇ?

ಟೆಸ್ ಕಾಲೇಜಿನಿಂದ ರಜೆಗೆ ಬಂದಿದ್ದಾಳೆ. ನನ್ನ ಮಗಳು ಅಂಕಿಸಂಖ್ಯೆ ಓದುತ್ತಿದ್ದಾಳೆ. ನಮ್ಮ ತಂಡ ನೋಡಿಕೊಳ್ಳುವ ನಾರ್ಬ್ ಅವಳನ್ನು ಸ್ಕೋರ್ ಬರೆಯಲು ಕೂರಿಸಿದ. ಬರೆಯಲಿ, ಕಣ್ಣೆದುರಿಗಾದರೂ ಇರುತ್ತಾಳೆ.

ಜೂನ್ 20

ಕಣ್ಣೆದುರಿಗೆ ಇದ್ದದ್ದು ಸಾಕು. ಇವತ್ತು ಊಟದ ಮೇಜಿನಲ್ಲಿ ಬೇಸ್‌ಬಾಲ್ ಎತ್ತಿದ್ದು ನಾನಲ್ಲ, ಅವಳು. ನಾನು ಕೋಲ್ಟನ್‌ನನ್ನು ಫ್ಯಾನು ಎಂದಿದ್ದು ಅಷ್ಟೇ, ಅದನ್ನು ಎತ್ತಿದ್ದು ಎನ್ನಲಾಗದು.

"ಔಟ್ ಅಂದ್ರೆ ಔಟ್, ಅಪ್ಪ" ಅಂದಳು. "ಗಾಳಿಗೆ ಬೀಸಿ ಔಟಾದ್ರೂ ಒಂದೇ, ನೆಲಕ್ಕೆ ತಟ್ಟಿ ಔಟಾದ್ರೂ ಒಂದೇ. ಕೋಲ್ಟನ್ ತಪ್ಪಿದ್ರೆ ತಾನೊಬ್ಬನೇ ಹೋಗ್ತಾನೆ. ನೀನು ನೆಲಕ್ಕೆ ತಟ್ಟಿದ್ರೆ ಮೊದಲನೇ ಬೇಸಲ್ಲಿ ನಿಂತಿರೋನನ್ನೂ ಕರ್ಕೊಂಡು ಹೋಗ್ತೀಯ."

ಡಬಲ್ ಪ್ಲೇ ಬಗ್ಗೆ ಹೇಳುತ್ತಿದ್ದಳು. ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವುದು. ಅದು ಹೊಡೆದವನ ತಪ್ಪೇ? ಹಿಡಿದವರ ಅದೃಷ್ಟ.

"ಸ್ಟ್ರೈಕ್‌ಔಟ್ ಅಷ್ಟು ಸಣ್ಣದಾದ್ರೆ, ಚೆಂಡು ಎಸೆಯೋ ಪಿಚರ್ ಅದನ್ನ ಮಾಡಿದಾಗ ಯಾಕೆ ಕುಣಿತಾರಮ್ಮ?" ಎಂದು ಕೇಳಿದೆ. ಸಿಕ್ಕಿಬಿದ್ದಳು ಅಂದುಕೊಂಡೆ.

"ಪಿಚರ್‌ಗೆ ಅದು ಚಿನ್ನ. ಬ್ಯಾಟಿಗೆ ತಾಗಿದ ಚೆಂಡು ಎಲ್ಲಿ ಹೋಗಿ ಬೀಳುತ್ತೋ ಅವನ ಕೈಲಿಲ್ಲ. ಹಿಡಿಯೋನು ಬಿಡಬಹುದು, ಎಡವಬಹುದು. ತಾಗದೇ ಇದ್ರೆ ಯಾರನ್ನೂ ನಂಬೋ ಕೆಲಸ ಇಲ್ಲ. ಬ್ಯಾಟರ್ ಕತೆ ಬೇರೆ. ಜಾಸ್ತಿ ತಪ್ಪೋನು ಜೋರಾಗಿ ಬೀಸ್ತಾನೆ, ಅದಕ್ಕೇ ದೂರಾನೂ ಹೊಡಿತಾನೆ. ತಪ್ಪಲೇಬಾರದು ಅಂತ ಹೊರಟೋನು ಮೆಲ್ಲಗೆ ತಟ್ತಾನೆ."

ಕೊಡುವವನಿಗೆ ನಷ್ಟವಿಲ್ಲ, ತೆಗೆದುಕೊಳ್ಳುವವನಿಗೆ ಚಿನ್ನ. ಇಂಥ ಅಂಗಡಿ ಎಲ್ಲಿದೆ ಎಂದು ಕೇಳಬೇಕಿತ್ತು, ಆಮೇಲೆ ಹೊಳೆಯಿತು. ಲೋರಿ ಆಗಲೇ ಪಾತ್ರೆ ತೊಳೆಯಲು ಹೋಗಿದ್ದಳು.

ಜುಲೈ 4

ಸ್ವಾತಂತ್ರ್ಯ ದಿನದ ಹಬ್ಬದ ಪಂದ್ಯ. ಸಾಸೇಜು, ಪಟಾಕಿ, ಪಾದ್ರಿಗಳ ಭಾಷಣ. ಜೊತೆಗೆ ಕೋಲ್ಟನ್‌ನ ಮರ್ಯಾದೆಗೆಟ್ಟ ಓಟ.

ಮೂರನೆಯ ಚೆಂಡನ್ನೂ ತಪ್ಪಿಸಿಕೊಂಡ. ಅದು ಬ್ಯಾಟರ್‌ನ ಬೆನ್ನಿಗೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಕೈಗೂ ಸಿಗದೆ ಹಿಂದಕ್ಕೆ ಉರುಳಿತು. ಹಾಗಾದಾಗ ಬ್ಯಾಟರ್ ಮೊದಲನೇ ಬೇಸಿಗೆ ಓಡಬಹುದು ಎಂದು ನಿಯಮವಿದೆ. ಚೆಂಡು ಬರುವ ಮೊದಲು ತಲುಪಿದರೆ ಔಟಿಲ್ಲ. ನಿಯಮ ಇದೆ ಎಂದು ಮಾಡಿಬಿಡುವುದೇ? ಬ್ಯಾಟು ಬಿಸಾಕಿ ಓಡಿದ, ತಲುಪಿದ, ಬೇಸಿನ ಮೇಲೆ ನಿಂತು ಹಲ್ಲು ಕಿರಿದ. ಕರೆಯದ ಮದುವೆಗೆ ಹೋಗಿ ಮೊದಲ ಪಂಕ್ತಿಯಲ್ಲಿ ಕೂತವನ ಹಾಗೆ.

ಅಪ್ಪ ನೆಲಕ್ಕೆ ಉಗಿದರು. "ತಪ್ಪಿದ ಮೇಲೆ ತಲೆ ಎತ್ಕೊಂಡು ನಡೆದು ಬರಬೇಕು. ವೆಟ್ಷ್ ಮನೆಯೋನು ಅಂಥ ಓಟ ಓಡೋದಿಲ್ಲ" ಅಂದರು. ಟೆಸ್ ಪುಸ್ತಕದಿಂದ ತಲೆ ಎತ್ತಿ ತಾತನನ್ನು ನೋಡಿದಳು.

ಜುಲೈ 9

ಸೋತೆವು. ಬೇಸುಗಳೆಲ್ಲ ತುಂಬಿದ್ದವು, ಒಬ್ಬ ಔಟಾಗಿದ್ದ. ನಾನು ಚೆನ್ನಾಗಿಯೇ ತಾಗಿಸಿದೆ. ನೇರ ಅವರ ಹುಡುಗನ ಕೈಗೆ ಹೋಯಿತು. ಇಬ್ಬರು ಔಟ್, ಒಟ್ಟು ಮೂವರಾದರು, ಪಂದ್ಯ ಮುಗಿಯಿತು.

ಟೆಸ್ ಮಾತಾಡಲಿಲ್ಲ. ಮಾತಾಡಿದ್ದರೆ ಬೈಯಬಹುದಿತ್ತು.

ಜುಲೈ 12

ನಾರ್ಬ್ ಹಾಲಿನ ಡೈರಿಯ ಹತ್ತಿರ, ನಾನು ಹಾಲು ಸಾಗಿಸುವ ಟ್ಯಾಂಕರಿಗಾಗಿ ಕಾದು ನಿಂತಿದ್ದ. ಇವನೇನು ಹಾಲು ಕೊಳ್ಳಲು ಬಂದನೇ ಅಂದುಕೊಂಡೆ.

"ಬ್ಯಾಟಿಂಗಲ್ಲಿ ಎರಡನೇ ಜಾಗ ಕೋಲ್ಟನ್‌ಗೆ ಕೊಡ್ತಿದೀನಿ, ಡಾರೆಲ್" ಅಂದ.

"ನಾನು?"

"ಸದ್ಯಕ್ಕೆ ಬೆಂಚಲ್ಲಿ ಇರಪ್ಪ. ಈ ವರ್ಷ ರಾಜ್ಯ ಟೂರ್ನಿಗೆ ಹೋಗೋ ಅವಕಾಶ ಇದೆ. ಟೆಸ್ ಲೆಕ್ಕ ತೋರಿಸಿದ್ಲು. ನಾನೇ ಕೇಳಿದ್ದು, ಅವಳ ಮೇಲೆ ಕೋಪ ಮಾಡ್ಕೋಬೇಡ."

ಹೈಸ್ಕೂಲು ಮುಗಿಸಿದ ಬೇಸಿಗೆಯಿಂದ ಆ ಜಾಗದಲ್ಲಿ ಬ್ಯಾಟು ಹಿಡಿದು ನಿಂತವನು ನಾನು. ಆ ಜಾಗದಿಂದ ನನ್ನನ್ನು ಎಬ್ಬಿಸಿದ್ದು ಎದುರಾಳಿಯಲ್ಲ, ವಯಸ್ಸಲ್ಲ, ನಾನು ಫೀಸು ಕಟ್ಟಿ ಓದಿಸುತ್ತಿರುವ ಮಗಳು. ಒಂದು ಸಲವಾದರೂ ರಾಜ್ಯ ಟೂರ್ನಿಯಲ್ಲಿ ಆಡಬೇಕೆಂದು ನನಗೆ ಎಷ್ಟು ಆಸೆಯಿದೆ ಎಂದು ಆ ಹುಡುಗಿಗೆ ಗೊತ್ತು. ಗೊತ್ತಿದ್ದೂ ಮಾಡಿದಳು.

ಜುಲೈ 13

"ಉಪ್ಪು ಈ ಕಡೆ ಕೊಡೋಕೆ ನಿನ್ನ ಮಗಳಿಗೆ ಹೇಳು" ಅಂದೆ ಲೋರಿಗೆ.

"ಉಪ್ಪು ಅಪ್ಪನ ಮೊಣಕೈ ಪಕ್ಕದಲ್ಲೇ ಇದೆ ಅಂತ ಹೇಳಮ್ಮ" ಅಂದಳು ಟೆಸ್.

ಜುಲೈ 16

ಬೆಂಚು. ಮರದ್ದು. ಗಟ್ಟಿಯಾಗಿದೆ.

ಜುಲೈ 19

ಟೆಸ್‌ಗೆ ಆಟದ ಬಗ್ಗೆ ಏನು ಗೊತ್ತು? ತಾನೂ ಸಾಫ್ಟ್‌ಬಾಲ್ ಆಡುತ್ತಿದ್ದಳು, ಶಾಲೆಯ ತಂಡದಲ್ಲಿ. ಚೆನ್ನಾಗಿಯೇ ಬೀಸುತ್ತಿದ್ದಳು. ಹೈಸ್ಕೂಲಿನಲ್ಲಿದ್ದಾಗ ಜಿಲ್ಲಾ ಪಂದ್ಯದ ಕೊನೆಯಲ್ಲಿ ಸ್ಟ್ರೈಕ್‌ಔಟ್ ಆದಳು. ಕಾನೂನು ಎಲ್ಲರಿಗೂ ಒಂದೇ, ಮಗಳು ಎಂದು ಬಿಡಲಾಗುತ್ತದೆಯೇ? ತೊಟ್ಟಿಯಲ್ಲಿ ಕೂರಿಸಿಕೊಂಡು ಬಂದೆವು. ಅಪ್ಪ, ನಾನು, ಲೋರಿ ಮುಂದೆ. ಮುಂದಿನ ವರ್ಷ ತಂಡಕ್ಕೆ ಹೆಸರು ಕೊಡಲಿಲ್ಲ, ಓದುವುದಿದೆ ಎಂದಳು. ಈಗಿನ ಮಕ್ಕಳಿಗೆ ಸೈರಣೆ ಇಲ್ಲ. ನಾನು ಅಷ್ಟು ಸಲ ಆ ತೊಟ್ಟಿಯಲ್ಲಿ ಕೂತವನು, ಬಿಟ್ಟೆನೇ?

ಆ ಕಾನೂನನ್ನು ಆವತ್ತೇ ಕೈಬಿಡಬೇಕಿತ್ತು ಎಂದು ಲೋರಿ ಒಮ್ಮೆ ಹೇಳಿದ ನೆನಪು. ಅವಳಿಗೆ ಆಟ ಗೊತ್ತಿಲ್ಲ.

ಜುಲೈ 23

ಬೆಂಚಿನಲ್ಲಿ ಕೂತರೆ ಒಂದು ಲಾಭವಿದೆ, ಎಲ್ಲರ ದಡ್ಡತನ ಒಟ್ಟಿಗೇ ಕಾಣುತ್ತದೆ. ನಮ್ಮ ಪಿಚರ್ ಇವತ್ತು ಒಳ್ಳೆಯ ಚೆಂಡನ್ನೇ ಎಸೆದ. ಎದುರಾಳಿ ಹೇಗೋ ಮೆಲ್ಲಗೆ ತಟ್ಟಿದ. ಚೆಂಡು ನಮ್ಮ ಹುಡುಗನ ಕಾಲುಗಳ ನಡುವೆ ನುಸುಳಿ ಹೋಯಿತು, ಎರಡು ರನ್ ಬಂತು. ಪಾಪ, ಪಿಚರ್‌ದೇನು ತಪ್ಪು? ಇಂಥವರು ಹಿಂದೆ ನಿಂತಿರುವಾಗ ಯಾರ ಬ್ಯಾಟಿಗೂ ತಾಗದ ಹಾಗೆ ಎಸೆಯುವುದೊಂದೇ ದಾರಿ.

ಟೆಸ್ ಜೊತೆ ಇನ್ನೂ ಮಾತಿಲ್ಲ.

ಜುಲೈ 30

ನಮ್ಮ ಮೂರನೆಯ ಬ್ಯಾಟರ್ ಬಂಗಾರದಂಥ ಅವಕಾಶವನ್ನು ನೆಲಕ್ಕೆ ತಟ್ಟಿ ಡಬಲ್ ಪ್ಲೇ ಮಾಡಿಕೊಂಡು ಬಂದ. ಮೈ ಉರಿದುಹೋಯಿತು. "ಅದರ ಬದಲು ಗಾಳಿಗೆ ಬೀಸಿ ಬರಬಾರದಿತ್ತೇನೋ! ಒಬ್ಬನೇ ಸಾಯ್ತಿದ್ದೆ" ಎಂದು ಕೂಗಿದೆ. ಇಡೀ ಬೆಂಚು ನನ್ನ ಕಡೆ ತಿರುಗಿತು. ಯಾಕೆ ತಿರುಗಿತೋ. ಟೆಸ್ ಕೆಮ್ಮಿದಳು, ಬೀಜದ ಸಿಪ್ಪೆ ಗಂಟಲಿಗೆ ಸಿಕ್ಕಿತೆಂದು ಕಾಣುತ್ತದೆ. ಕೋಲ್ಟನ್ ಅಭ್ಯಾಸ ಅವಳಿಗೂ ಅಂಟಿದೆ.

ಆಗಸ್ಟ್ 6

ಗೆದ್ದೆವು. ಮುಂದಿನ ಭಾನುವಾರ ಲೇಕ್ ಆಂಟನ್ ಊರಿನ ಮೇಲೆ ಕೊನೆಯ ಪಂದ್ಯ. ಗೆದ್ದವರು ರಾಜ್ಯ ಟೂರ್ನಿಗೆ. ನಾನು ಬೆಂಚಿಗೆ.

ಆಗಸ್ಟ್ 13, ಭಾನುವಾರ

ಕೈ ತರಚಿಕೊಂಡಿದೆ, ಅಕ್ಷರ ಸೊಟ್ಟವಾದರೆ ಆಗಲಿ.

ಪಂದ್ಯ ಅವರ ಮೈದಾನದಲ್ಲಿ. ನಾಣ್ಯ ಚಿಮ್ಮಿದಾಗ ಕೊನೆಗೆ ಬ್ಯಾಟು ಹಿಡಿಯುವ ಸರದಿ ಮಾತ್ರ ನಮಗೆ ಬಂತು. ಲೇಕ್ ಆಂಟನ್‌ನವರು ಮೊದಲಿಂದಲೂ ಜಂಬದ ಜನ. ಅವರ ಪಿಚರ್ ಒಬ್ಬೊಬ್ಬರನ್ನೇ ಸ್ಟ್ರೈಕ್‌ಔಟ್ ಮಾಡಿದ ಹಾಗೆಲ್ಲ ಬೇಲಿಗೆ ಒಂದೊಂದು ರಟ್ಟಿನ ಹಾಳೆ ನೇತುಹಾಕುತ್ತಾರೆ. ಹಾಳೆಯ ಮೇಲೆ ದೊಡ್ಡದಾಗಿ 'ಕೆ' ಅಕ್ಷರ. ಸ್ಕೋರ್ ಬರೆಯುವವರು ಸ್ಟ್ರೈಕ್‌ಔಟಿಗೆ ಹಾಕುವ ಗುರುತು ಅದು. ಸಂಜೆಯ ಹೊತ್ತಿಗೆ ಬೇಲಿಯ ಆ ಬದಿ ಬಟ್ಟೆ ಒಣಹಾಕಿದ ಹಿತ್ತಲಿನ ಹಾಗೆ ಕಾಣುತ್ತಿತ್ತು.

ಕೊನೆಯ ಸರದಿಗೆ ಬಂದಾಗ ಎರಡೂ ಕಡೆ ಸಮ. ಇಬ್ಬರು ಔಟ್. ಮೂರನೇ ಬೇಸಿನಲ್ಲಿ ಕೋಲ್ಟನ್ ನಿಂತಿದ್ದಾನೆ, ಒಂದು ಗೂಳಿ ಹೊಡೆತ ಹೊಡೆದು ಅಲ್ಲಿಗೆ ಹೋಗಿದ್ದ. ಅವನು ಮನೆ, ಅಂದರೆ ಬ್ಯಾಟರ್ ನಿಲ್ಲುವ ಜಾಗ, ಮುಟ್ಟಿದರೆ ಒಂದು ರನ್, ನಮ್ಮದೇ ಪಂದ್ಯ. ನಾರ್ಬ್ ನನ್ನ ಮುಂದೆ ಬಂದು ನಿಂತ.

"ಬ್ಯಾಟ್ ತಗೋ ಡಾರೆಲ್."

"ನಾನ್ಯಾಕೆ? ನಿಮ್ಮ ಲೆಕ್ಕದಲ್ಲಿ ನಾನಿಲ್ವಲ್ಲ."

"ಈಗ ನೀನೇ ಬೇಕು ಅಂದಿದ್ದೂ ಅದೇ ಲೆಕ್ಕದೋಳು" ಅಂದು ಟೆಸ್ ಕಡೆ ಕೈ ತೋರಿಸಿದ.

ಒಂದು ತಿಂಗಳಲ್ಲಿ ಮೊದಲ ಬಾರಿಗೆ ಅವಳು ನೇರ ನನ್ನ ಜೊತೆ ಮಾತಾಡಿದಳು. "ಇಬ್ಬರು ಔಟಾಗಿದಾರೆ ಅಪ್ಪ. ಮೂರನೇ ಔಟಿಗೆ ಸರದಿನೇ ಮುಗಿಯುತ್ತೆ, ಇನ್ನು ಡಬಲ್ ಪ್ಲೇ ಆಗೋ ಹಾಗೇ ಇಲ್ಲ. ಈಗ ತಾಗಿಸೋನು ಬೇಕು. ನಿನ್ನಷ್ಟು ತಾಗಿಸೋನು ಈ ಬೆಂಚಲ್ಲಿ ಯಾರೂ ಇಲ್ಲ." ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಆ ಪಿಚರ್‌ನ ಕೊನೇ ಚೆಂಡು ಮಣ್ಣಿಗೆ ಬೀಳುತ್ತೆ. ಕ್ಯಾಚರ್‌ಗೆ ಹೆಬ್ಬೆರಳು ನೋವು, ಸರಿಯಾಗಿ ಹಿಡೀತಿಲ್ಲ. ತಪ್ಪಿದ್ರೆ ಮಾತ್ರ ನಿಂತ್ಕೋಬೇಡ" ಅಂದಳು.

"ನಾನು ತಪ್ಪೋದಿಲ್ಲ" ಅಂದೆ. ಹೇಳಲು ಹಿತವಾಗಿತ್ತು.

ಮೊದಲ ಚೆಂಡು ತಾಗಿತು, ಗೆರೆಯಾಚೆ ಹೋಯಿತು, ಅದನ್ನು ತಪ್ಪಿನ ಲೆಕ್ಕಕ್ಕೇ ಹಾಕಿಕೊಂಡರು. ಎರಡನೆಯದೂ ಹಾಗೇ. ಮೂರನೆಯದು ಸೊಂಟದ ಎತ್ತರಕ್ಕೆ ನನ್ನದೇ ಎನ್ನುವ ಹಾಗೆ ಬಂತು. ಪೂರ್ತಿ ಬೀಸಿದೆ. ಇಷ್ಟು ವರ್ಷಗಳಲ್ಲಿ ಅಷ್ಟು ಜೋರಾಗಿ ಬೀಸಿದ ನೆನಪಿಲ್ಲ. ಬ್ಯಾಟಿಗೆ ಏನೂ ಸಿಗಲಿಲ್ಲ. ಚೆಂಡು ಕೆಳಗೆ ಬಿದ್ದುಹೋಗಿತ್ತು.

ಅವರ ಜನ ಅರಚಿದರು. ಬೇಲಿಯ ಹತ್ತಿರ ಒಬ್ಬ ಹೆಂಗಸು ಆಗಲೇ ಹಾಳೆ ನೇತುಹಾಕಲು ಕೈ ಎತ್ತಿದ್ದಳು. ನಾನು ಏನು ಮಾಡಿದೆ? ತಲೆ ಎತ್ತಿಕೊಂಡು ಬೆಂಚಿನ ಕಡೆ ತಿರುಗಿದೆ. ಅಪ್ಪ ಕಲಿಸಿದ ಹಾಗೆ, ಮರ್ಯಾದಸ್ಥನ ಹಾಗೆ. ಒಂದು ಹೆಜ್ಜೆಯನ್ನೂ ಇಟ್ಟಿದ್ದೆ.

"ಓಡು ಅಪ್ಪಾ!"

ಆ ದನಿ ಕೇಳಿ ಎಷ್ಟೋ ದಿನವಾಗಿತ್ತು. ಶಾಲೆಯ ಮೈದಾನದಲ್ಲಿ ತಂಡದವರಿಗೆ ಹೀಗೆಯೇ ಕೂಗುತ್ತಿದ್ದಳು. ಚೆಂಡು ಕ್ಯಾಚರ್‌ನ ಕಾಲಿಗೆ ತಾಗಿ ಬಲೆಯ ಕಡೆ ಉರುಳುತ್ತಿತ್ತು. ಓಡಿದೆ. ಹಂದಿ ಓಡಿದ ಹಾಗೆ ಓಡಿದೆ. ಕೋಲ್ಟನ್ ಮನೆ ಮುಟ್ಟಿದ್ದು ಗೊತ್ತು, ಆದರೆ ಮೊದಲನೇ ಬೇಸಿನಲ್ಲಿ ನಾನು ಔಟಾದರೆ ಆ ರನ್ ಗಾಳಿಗೆ ಹೋಗುತ್ತದೆ ಎನ್ನುವುದೂ ಗೊತ್ತು. ಹೊಟ್ಟೆ ನೆಲಕ್ಕೆ ಹಾಕಿ ಜಾರಿದೆ. ಬೇಸು ಅಂಗೈಗೆ ಸಿಕ್ಕಿತು, ಆಮೇಲೆ ಚೆಂಡು ಕೈಗವಸಿಗೆ ಬಿದ್ದ ಸದ್ದು ಕೇಳಿತು. ಔಟಿಲ್ಲ ಎಂದು ಅಂಪೈರ್ ಎರಡೂ ಕೈ ಅಗಲ ಮಾಡಿದ.

ಗೆದ್ದೆವು. ರಾಜ್ಯ ಟೂರ್ನಿಗೆ. ಸ್ಟ್ರೈಕ್‌ಔಟ್ ಆಗಿ.

ಎಲ್ಲರೂ ನನ್ನ ಮೇಲೆ ಬಿದ್ದರು. ಕೋಲ್ಟನ್ ನನ್ನನ್ನು ಎತ್ತಿಕೊಂಡು "ಮುಂದಿನ ಸಲ ಸಿಗುತ್ತೆ ಬಿಡಿ, ವೆಟ್ಷ್ ಅವರೇ" ಅಂದ. ಈ ಮಾತಿಗೆ ಅವನ ಬೆನ್ನಿಗೆ ಎರಡು ಗುದ್ದಿದೆ. ಬೇಲಿಯ ಮೇಲೆ ನನ್ನ ಹೆಸರಿನ 'ಕೆ' ಹಾಳೆ ತೂಗಾಡುತ್ತಿತ್ತು. ಅದನ್ನು ತೆಗೆಯಲು ಆ ಹೆಂಗಸಿಗೆ ಮನಸ್ಸಾಗಲಿಲ್ಲ. ಲೆಕ್ಕದ ಪ್ರಕಾರ ಅದು ಅವರ ಪಿಚರ್‌ದೇ, ಪಾಪ ಇಟ್ಟುಕೊಳ್ಳಲಿ.

ಆಮೇಲೆ ಪಿಕಪ್ ಹತ್ತಿರ ಬಂದೆವು. ಲೋರಿ ಸ್ಟೀರಿಂಗ್ ಮುಂದೆ ಕೂತಿದ್ದಳು, ಪಕ್ಕದಲ್ಲಿ ಅಪ್ಪ. ನಾನು ಬಾಗಿಲಿಗೆ ಕೈ ಹಾಕಿದೆ.

"ಮೂರು ತಪ್ಪಿದೆ" ಅಂದರು ಅಪ್ಪ.

ತಮಾಷೆ ಅಂದುಕೊಂಡು ನಕ್ಕೆ.

"ಅದರ ಮೇಲೆ ಓಡಿದೆ. ಹಿಂದೆ ಹತ್ತು."

ತಮಾಷೆ ಅಲ್ಲ. ಊರಿಗೆ ರಾಜ್ಯ ಟೂರ್ನಿ ತಂದವನು ನಾನು, ನಲವತ್ತರ ಹತ್ತಿರ ಬಂದವನು. ಆದರೂ ಕಾಲುಗಳು ತಾವಾಗಿಯೇ ಹಿಂದಕ್ಕೆ ಹೋಗಿ ತೊಟ್ಟಿ ಹತ್ತಿದವು. ಟೆಸ್ ಬಂದಳು, ನನ್ನನ್ನು ನೋಡಿದಳು, ಸ್ಕೋರ್ ಪುಸ್ತಕವನ್ನು ಮುಂದಿನ ಸೀಟಿನ ಮೇಲೆ ಎಸೆದು ಬಾಗಿಲು ಹಾಕಿದಳು. ಆಮೇಲೆ ತೊಟ್ಟಿ ಹತ್ತಿ ನನ್ನ ಎದುರು ಕೂತಳು.

"ನೀನ್ಯಾಕೆ ಇಲ್ಲಿ?"

"ಜಾಗ ಗೊತ್ತಿರೋದೇ" ಅಂದಳು.

ದಾರಿಯುದ್ದಕ್ಕೂ ಗಾಳಿ. ಇಬ್ಬರೂ ಮೊಣಕಾಲು ಅಪ್ಪಿಕೊಂಡು ಕೂತಿದ್ದೆವು. "ಆವತ್ತು ಇಲ್ಲಿ ಚಳಿ ಆಗಿತ್ತಾ?" ಎಂದು ಕೇಳಿದೆ.

"ಚಳಿ ಏನಿರಲಿಲ್ಲ." ರಸ್ತೆ ನೋಡುತ್ತಲೇ ಹೇಳಿದಳು. "ನೀವೆಲ್ಲ ಮುಂದೆ ಕೂತು ನಗ್ತಿದ್ರಿ. ಅದು ಕೇಳಿಸ್ತಿತ್ತು."

ಆವತ್ತು ಯಾಕೆ ನಕ್ಕೆವೋ ನೆನಪಿಲ್ಲ. ಅವಳ ವಿಷಯಕ್ಕಂತೂ ಅಲ್ಲ, ಹಸುವಿನದೋ ಹವಾಮಾನದ್ದೋ ಇರಬೇಕು. ಅದನ್ನು ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಮುಂದೆ ಅಪ್ಪ ಏನೋ ಹೇಳಿದರು, ಲೋರಿ ನಕ್ಕಳು. ಹಿಂದಿನ ಸಣ್ಣ ಗಾಜಿನಿಂದ ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಎಷ್ಟೋ ಸಲ ಕೂತಿದ್ದೇನೆ, ನನಗೆ ಅದು ಮರೆತೇಹೋಗಿತ್ತು.

ಆಗಸ್ಟ್ 15

ಅಪ್ಪ ಬೆಳಿಗ್ಗೆ ಕಾಫಿಗೆ ಬಂದರು. ಸ್ಟ್ರೈಕ್‌ಔಟ್ ಆಗಿ ಗೆದ್ದದ್ದು ಗೆಲುವಲ್ಲವಂತೆ, ಡೈರಿಯ ಹತ್ತಿರ ಮುಖ ತೋರಿಸುವ ಹಾಗಿಲ್ಲವಂತೆ.

"ಔಟ್ ಅಂದ್ರೆ ಔಟ್, ಅಪ್ಪ" ಅಂದೆ. "ಗಾಳಿಗೆ ಬೀಸಿದ್ರೂ ಒಂದೇ, ನೆಲಕ್ಕೆ ತಟ್ಟಿದ್ರೂ ಒಂದೇ. ನೀನು ಜೀವಮಾನದಲ್ಲಿ ಸ್ಟ್ರೈಕ್‌ಔಟ್ ಆಗ್ಲಿಲ್ಲ ಅಂತ ಹೇಳ್ಕೊಂಡು ತಿರುಗ್ತೀಯಲ್ಲ, ನೆಲಕ್ಕೆ ತಟ್ಟಿ ಇಬ್ಬಿಬ್ಬರನ್ನ ಕೊಂದಿದ್ದನ್ನ ಯಾರು ಎಣಿಸಿದಾರೆ?"

"ಯಾರು ತುಂಬಿದ್ರು ಇದನ್ನ ನಿನ್ನ ತಲೆಗೆ?"

ಯಾರು ತುಂಬಬೇಕು? ಆಟ ಬಲ್ಲ ಯಾವನಿಗಾದರೂ ಗೊತ್ತಿರುವ ಮಾತು. ಟೆಸ್ ಒಲೆಯ ಹತ್ತಿರ ನಿಂತವಳು ಕಾಫಿ ಕಪ್ಪಿನೊಳಗೆ ನಕ್ಕಳು, ಅವಳಿಗೆ ಈಚೆಗೆ ಎಲ್ಲದಕ್ಕೂ ನಗು. ಆ ಪಿಕಪ್ಪಿನ ಹಿಂದೆ ಇನ್ನು ಗೊಬ್ಬರದ ಚೀಲ ಮಾತ್ರ ಹೋಗುತ್ತದೆ ಎಂದೂ ಹೇಳಿದೆ. ಅಪ್ಪ ಕೇಕು ಅರ್ಧ ಬಿಟ್ಟು ಎದ್ದು ಹೋದರು. ಹೋಗಲಿ. ಇಷ್ಟು ವಯಸ್ಸಾದರೂ ಆಟ ಅರ್ಥವಾಗದವರ ಜೊತೆ ಏನು ಮಾತು.

ಆಗಸ್ಟ್ 19

ರಾಜ್ಯ ಟೂರ್ನಿಯಲ್ಲೂ ನಾನು ಬೆಂಚಿಗೇ ಎಂದು ನಾರ್ಬ್ ಹೇಳಿದ. ಸರಿಯಾಗಿದೆ, ನಾನು ನೆಲಕ್ಕೆ ಬಹಳ ತಟ್ಟುತ್ತೇನೆ. ಅವನಿಗೆ ಇಷ್ಟು ತಡವಾಗಿ ಹೊಳೆದದ್ದೇ ಆಶ್ಚರ್ಯ.

ಸಂಜೆ ಟೆಸ್ ಪೊರಕೆಯ ಕೋಲು ಹಿಡಿದು ಅಂಗಳದಲ್ಲಿ ಸುಮ್ಮನೆ ನಿಂತಿದ್ದಳು. ಕಾಲೇಜಿನಲ್ಲಿ ಹುಡುಗಿಯರ ತಂಡವೊಂದಿದೆಯಂತೆ, ಯಾರು ಬೇಕಾದರೂ ಸೇರಬಹುದಂತೆ. ಸೇರುತ್ತೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊಟ್ಟಿಗೆಯಿಂದ ಒಂದು ಡಬ್ಬಿ ಜೋಳದ ಕಾಳು ತಂದು ಜಗಲಿಯ ಮೇಲೆ ನಿಂತು ಎಸೆದೆ.

ಬಹಳ ತಪ್ಪಿದಳು. ಆಮೇಲೆ ಹೆದರಿ ಕೋಲನ್ನು ಮೆಲ್ಲಗೆ ಮುಂದೆ ಹಿಡಿದು ತಾಗಿಸಲು ನೋಡಿದಳು, ಥೇಟ್ ನನ್ನ ಹಾಗೆ. ನೋಡಲಾಗಲಿಲ್ಲ.

"ಏನದು, ನೊಣ ಓಡಿಸ್ತಿದೀಯಾ? ಪೂರ್ತಿ ಬೀಸು" ಅಂದೆ.

"ತಪ್ಪುತ್ತಲ್ಲ."

"ತಪ್ಪಲಿ."

ಡಬ್ಬಿ ಖಾಲಿಯಾಯಿತು. ಇನ್ನೊಂದು ಡಬ್ಬಿ ತುಂಬಿಕೊಂಡು ಬಂದೆ.